ಒಂದು ಹನಿ ನೀರು: ಕಥೋಲಿಕ ವಿಶ್ವಾಸದಲ್ಲಿ ದಿನನಿತ್ಯದ ನೋವಿನ ಅರ್ಪಣೆ

(ಆನ್‌ಲೈನ್ ವಿಚಾರಸಂಕಿರಣವೊಂದರಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ನಾನು ನಂದೇಶ್ವರದಿಂದ, ಅಂದ್ರೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನಿಂದ ಮಾತಾಡ್ತಾ ಇದ್ದೇನೆ. ಇಲ್ಲಿ ಮೋಡ ಕವಿದರೆ ನೆಟ್‌ವರ್ಕ್ ಹೋಗ್ತದೆ, ಮಳೆ ಮಾತ್ರ ಬರೋದಿಲ್ಲ. ನಡುವೆ ಕಡಿದುಹೋದರೆ ಚಾಟ್‌ನಲ್ಲಿ ತಿಳಿಸ್ರಿ.

ವಿಷಯಕ್ಕೆ ಹೋಗುವ ಮೊದಲು ಅದು ನನಗೆ ಸಿಕ್ಕ ಬಗೆಯನ್ನು ಹೇಳಬೇಕು. ನಮ್ಮ ಅವ್ವನಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಡಯಾಲಿಸಿಸ್‌ಗೆ ಕರಕೊಂಡು ಹೋಗ್ತೇನೆ. ಅಲ್ಲಿ ಪಕ್ಕದ ಹಾಸಿಗೆಯಲ್ಲಿ ಅರವತ್ತು ದಾಟಿದ ಒಬ್ಬ ಕಥೋಲಿಕ ಹೆಣ್ಣುಮಗಳು ಬರುತ್ತಿದ್ದರು. ಮಂಗಳೂರು ಕಡೆಯವರು, ಮದುವೆಯಾಗಿ ಇತ್ತ ಬಂದವರು. ಸೂಜಿ ಚುಚ್ಚುವ ಹೊತ್ತಿಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಅವ್ವ ಒಂದು ದಿನ ಕೇಳಿಯೇಬಿಟ್ಟಳು: "ಏನ್ ಮಂತ್ರ ಅಂತೀರಿ ಅಕ್ಕಾರ?"

"ಮಂತ್ರ ಅಲ್ಲ ಮಾರಾಯ್ತಿ. ಇವತ್ತಿನ ಸೂಜಿ ಮೊಮ್ಮಗಳ ಪರೀಕ್ಷೆಗೆ. ಹೋದ ಸಲದ್ದು ಮನೆ ಬಿಟ್ಟು ಹೋದ ತಮ್ಮನಿಗೆ. ದೇವರಿಗೆ ಒಪ್ಪಿಸುವುದು, ಅಷ್ಟೇ."

ಅವ್ವ ನಕ್ಕಳು. "ಹಂಗಾದ್ರ ನಂದೊಂದು ಸೂಜಿ ನನ್ನ ಮಗಳ ಥೀಸಿಸ್‌ಗೆ ಹಾಕ್ರಿ" ಅಂದಳು. ಆದರೆ ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದಳು: "ಖರೇನೇನು? ನೋವು ಎಲ್ಲ್ಯಾರ ಮುಟ್ಟತದೇನು?"

ಧರ್ಮಗಳ ತೌಲನಿಕ ಅಧ್ಯಯನ ಮಾಡುವ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಲಿಂಗಾಯತ ಮನೆ. ಇವತ್ತಿಗೂ ಆ ಪ್ರಶ್ನೆಗೆ ಹೌದು ಇಲ್ಲ ಅನ್ನುವ ಅಧಿಕಾರ ನನಗಿಲ್ಲ. ಆ ಹೆಣ್ಣುಮಗಳು ಏನು ಮಾಡುತ್ತಿದ್ದರು, ಅವರ ಧರ್ಮಸಭೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ, ಎಲ್ಲಿ ಅದು ಹಾದಿ ತಪ್ಪಬಹುದು, ಇಷ್ಟನ್ನು ವಿವರಿಸುವುದು ಈ ಪ್ರಬಂಧದ ಕೆಲಸ.

ಮೊದಲು ಒಂದು ಶಬ್ದದ ತೊಡಕು. ಕನ್ನಡ ಕಥೋಲಿಕರು ತಮ್ಮ ಮುಖ್ಯ ಆರಾಧನೆಯನ್ನು 'ಬಲಿಪೂಜೆ' ಅಂತಾರೆ. ನಮ್ಮ ಊರಲ್ಲಿ ಬಲಿ ಅಂದರೆ ಜಾತ್ರೆಯ ಕುರಿ. ಹಾಗಾಗಿ 'ನೋವನ್ನು ಬಲಿಯಾಗಿ ಒಪ್ಪಿಸುವುದು' ಅಂದಕೂಡಲೇ, ದೇವರಿಗೆ ರಕ್ತ ಬೇಕು, ನೋವು ಬೇಕು, ನಾವು ನರಳಿದಷ್ಟೂ ಅವನಿಗೆ ಸಂತೋಷ ಎಂಬ ಚಿತ್ರ ಬಂದುಬಿಡುತ್ತದೆ. ಕಥೋಲಿಕ ಬೋಧನೆಯಲ್ಲಿ ಇದು ತಪ್ಪು ಚಿತ್ರ. ಪೌಲನು ರೋಮನರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಮೊದಲಲ್ಲೇ ಬಲಿ ಎಂಬ ಮಾತಿನ ಅರ್ಥವನ್ನು ತಿರುಗಿಸುತ್ತಾನೆ. ಕೊಲ್ಲುವ ಬಲಿಯ ಜಾಗದಲ್ಲಿ ಬದುಕಿರುವ ದೇಹವನ್ನೇ, ಅಂದ್ರೆ ಏಳುವ, ಉಣ್ಣುವ, ದುಡಿಯುವ ಬದುಕನ್ನೇ ಅರ್ಪಿಸಿ ಅನ್ನುತ್ತಾನೆ. ಪೇತ್ರನ ಮೊದಲ ಪತ್ರದಲ್ಲಿ ಬರುವ 'ಆತ್ಮಿಕ ಬಲಿ'ಯೂ ಇದೇ ಜಾತಿಯದು.

ಹಾಗಾದರೆ ಅರ್ಪಣೆ ನಡೆಯುವುದು ಎಲ್ಲಿ? ಇದಕ್ಕೆ ಬಲಿಪೂಜೆಯಲ್ಲಿ ಒಂದು ಸಣ್ಣ ಕ್ರಿಯೆ ಇದೆ, ಹಿಂದಿನ ಬೆಂಚಿನಲ್ಲಿ ಕೂತವರಿಗೆ ಕಾಣುವುದೂ ಇಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪೀಠಕ್ಕೆ ತಂದಾಗ ಯಾಜಕರು ದ್ರಾಕ್ಷಾರಸದ ಪಾತ್ರೆಗೆ ಒಂದೆರಡು ಹನಿ ನೀರು ಹಾಕುತ್ತಾರೆ. 3ನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಧರ್ಮಾಧ್ಯಕ್ಷನಾಗಿದ್ದ, 258ರಲ್ಲಿ ಹುತಾತ್ಮನಾದ ಸಂತ ಸಿಪ್ರಿಯನ್ ಈ ನೀರಿನ ಬಗ್ಗೆ ಒಂದು ಉದ್ದನೆಯ ಪತ್ರವನ್ನೇ ಬರೆದಿದ್ದಾನೆ. ಆಗ ಕೆಲವರು ದ್ರಾಕ್ಷಾರಸ ಬಿಟ್ಟು ಬರೀ ನೀರಿನಿಂದಲೇ ಪೂಜೆ ನಡೆಸುತ್ತಿದ್ದರು. ಸಿಪ್ರಿಯನ್ ಅದನ್ನು ಒಪ್ಪಲಿಲ್ಲ. ಅವನ ವಾದ ಹೀಗೆ: ದ್ರಾಕ್ಷಾರಸ ಕ್ರಿಸ್ತನ ರಕ್ತ, ನೀರು ಅಂದರೆ ಜನ. ಬರೀ ನೀರು ಅರ್ಪಿಸಿದರೆ ಕ್ರಿಸ್ತನಿಲ್ಲದ ಜನ ಆಯಿತು. ಬರೀ ದ್ರಾಕ್ಷಾರಸ ಅರ್ಪಿಸಿದರೆ ಜನರಿಲ್ಲದ ಕ್ರಿಸ್ತ ಆಯಿತು. ಬೆರೆತ ಮೇಲೆ ಎರಡನ್ನೂ ಬೇರ್ಪಡಿಸುವುದು ಆಗೋದಿಲ್ಲ.

ನನ್ನ ಓದಿನಲ್ಲಿ ಈ ಇಡೀ ವಿಷಯದ ಕೀಲಿ ಇರುವುದು ಈ ಹನಿಯಲ್ಲಿ. ನಮ್ಮ ನೋವು ಆ ನೀರು. ನೀರಿಗೆ ತನ್ನಷ್ಟಕ್ಕೆ ಬಲಿಯ ಬೆಲೆ ಇಲ್ಲ. ಸೂಜಿಯ ನೋವು ಬರೀ ನೋವೇ. ಅದನ್ನು ಕ್ರಿಸ್ತನ ಅರ್ಪಣೆಗೆ ಬೆರೆಸಿದಾಗ ಮಾತ್ರ ಅದು ಅರ್ಪಣೆ. ಹಾಗಂತ ಹನಿ ಸಣ್ಣದು ಅಂತ ಬಿಟ್ಟುಬಿಡುವಂತೆಯೂ ಇಲ್ಲ, ಅದನ್ನು ಹಾಕಲೇಬೇಕು ಎಂಬುದು ವಿಧಿ. ಪೌಲನು ಕೊಲೊಸ್ಸೆಯರಿಗೆ ಬರೆದ ಪತ್ರದ 1:24ರಲ್ಲಿ, ಕ್ರಿಸ್ತನ ಯಾತನೆಯಲ್ಲಿ ಉಳಿದದ್ದನ್ನು ನನ್ನ ದೇಹದಲ್ಲಿ ಪೂರ್ತಿ ಮಾಡುತ್ತೇನೆ ಎಂಬ ಅರ್ಥದ ಮಾತು ಬರುತ್ತದೆ. ಓದಿದವರಿಗೆಲ್ಲ ಇಲ್ಲಿ ಮುಗ್ಗರಿಸಿದಂತಾಗುತ್ತದೆ. ಕ್ರಿಸ್ತನ ಯಾತನೆಯಲ್ಲಿ ಕಡಿಮೆ ಬಿದ್ದದ್ದಾದರೂ ಏನು? ಕಥೋಲಿಕ ವ್ಯಾಖ್ಯಾನಕಾರರ ಸಾಮಾನ್ಯ ಉತ್ತರ: ಬೆಲೆಯಲ್ಲಿ ಏನೂ ಕಡಿಮೆ ಇಲ್ಲ, ಉಳಿದಿರುವುದು ನಮ್ಮ ಪಾಲು. ದ್ರಾಕ್ಷಾರಸ ತುಂಬಿದೆ, ನೀರಿಗೆ ಜಾಗ ಬಿಟ್ಟಿದೆ.

ಈ ಆಚರಣೆಗೆ ಮನೆಮನೆಯ ರೂಪ ಬಂದದ್ದು 19ನೆಯ ಶತಮಾನದಲ್ಲಿ, ಅದೂ ವಿದ್ಯಾರ್ಥಿಗಳಿಂದ. ಫ್ರಾನ್ಸಿನ ವಾಲ್ಸ್ ಎಂಬಲ್ಲಿ ಯೇಸುಸಭೆಯ ತರುಣರು ಗುರುಪಟ್ಟಕ್ಕಾಗಿ ಓದುತ್ತಿದ್ದರು. ಅವರ ಮನಸ್ಸೆಲ್ಲ ದೂರದ ಮಿಷನ್‌ಗಳಲ್ಲಿ, ಮುಖ್ಯವಾಗಿ ನಮ್ಮ ಭಾರತದಲ್ಲಿ. ತರ್ಕಶಾಸ್ತ್ರ ಓದ್ತಾ ಕೂತು ಏನು ಪ್ರಯೋಜನ ಎಂಬ ಚಡಪಡಿಕೆ. (ಥೀಸಿಸ್ ಬರೆಯುವವರಿಗೆ ಈ ರೋಗ ಹೊಸದಲ್ಲ.) 1844ರ ಡಿಸೆಂಬರ್ 3, ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬದ ದಿನ, ಅವರ ಮಾರ್ಗದರ್ಶಕ ಫಾದರ್ ಗೋತ್ರೆಲೆ ಅವರಿಗೆ ಹೇಳಿದ್ದರ ಸಾರ ಇಷ್ಟು: ನೀವು ಹೋಗಬೇಕೆಂದಿರುವ ಜನರಿಗಾಗಿ ಇಲ್ಲೇ ಕೆಲಸ ಮಾಡಬಹುದು, ಇವತ್ತಿನ ಓದು, ಬೇಸರ, ಆಯಾಸವನ್ನೇ ಅವರಿಗಾಗಿ ಒಪ್ಪಿಸಿ. 'ಪ್ರಾರ್ಥನೆಯ ಪ್ರೇಷಿತತ್ವ' ಎಂಬ ಚಳವಳಿ ಇಲ್ಲಿಂದ ಹುಟ್ಟಿತು. ಬೆಳಿಗ್ಗೆ ಎದ್ದ ತಕ್ಷಣ ಆ ದಿನದ ಪ್ರಾರ್ಥನೆ, ಕೆಲಸ, ಸಂತೋಷ, ಕಷ್ಟ ನಾಲ್ಕನ್ನೂ ಒಪ್ಪಿಸುವ 'ಬೆಳಗಿನ ಅರ್ಪಣೆ' ಅದರ ಮೂಲಕ ಲೋಕದ ತುಂಬ ಹರಡಿತು. ಆಸ್ಪತ್ರೆಯ ಆ ಅಕ್ಕನವರೂ ಅದನ್ನು ಸಣ್ಣವರಿದ್ದಾಗ ತಾಯಿಯ ಬಾಯಿಂದ ಕಲಿತದ್ದಂತೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪಟ್ಟಿಯಲ್ಲಿ ಸಂತೋಷವೂ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಹೊರಡಿಸಿದ ಧರ್ಮಸಭೆಯ ಕುರಿತ ಶಾಸನದ 34ನೆಯ ಪರಿಚ್ಛೇದ, ಶ್ರೀಸಾಮಾನ್ಯ ವಿಶ್ವಾಸಿಗಳ ಯಾವ ಯಾವ ಸಂಗತಿಗಳು ಆತ್ಮಿಕ ಬಲಿಯಾಗುತ್ತವೆ ಎಂದು ಎಣಿಸುತ್ತದೆ. ಕೆಲಸ, ಪ್ರಾರ್ಥನೆ, ಸಂಸಾರ, ದಿನದ ದುಡಿಮೆ, ಮೈಮನಸ್ಸಿನ ವಿಶ್ರಾಂತಿ, ಆಮೇಲೆ ತಾಳ್ಮೆಯಿಂದ ಹೊತ್ತರೆ ಬದುಕಿನ ಕಷ್ಟಗಳೂ. ವಿಶ್ರಾಂತಿ ನೋಡ್ರಿ! ಕಟ್ಟೆ ಮೇಲೆ ಕೂತು ಚಹಾ ಕುಡಿಯುವುದೂ ಅರ್ಪಣೆಯಾಗಬಹುದು. ಕಷ್ಟ ಬರುವುದು ಪಟ್ಟಿಯ ಕೊನೆಗೆ, ಅದೂ 'ಕೂಡ' ಎಂಬ ಧಾಟಿಯಲ್ಲಿ. ಅಂದಮೇಲೆ ಇದು ನೋವಿನ ಧರ್ಮ ಅಲ್ಲ. ಬದುಕನ್ನು ಇಡಿಯಾಗಿ ಒಪ್ಪಿಸುವಾಗ ನೋವನ್ನು ಮಾತ್ರ ಹೊರಗಿಡುವುದಿಲ್ಲ, ಅಷ್ಟೇ.

ಕರ್ನಾಟಕದ ನೆಲದಲ್ಲೇ ಇದಕ್ಕೆ ಒಂದು ಉದಾಹರಣೆ ಸಿಗುತ್ತದೆ. ಸಂತ ಮರಿಯಮ್ ಬವಾರ್ಡಿ 1846ರ ಜನವರಿ 5ರಂದು ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅರಬ್ ಹೆಣ್ಣುಮಗಳು. ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಸೇರಿದಳು. 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠ ಕಟ್ಟಲು ಹೊರಟ ಸೋದರಿಯರ ಗುಂಪಿನಲ್ಲಿ ಅವಳೂ ಇದ್ದಳು. ಆ ಪ್ರಯಾಣದಲ್ಲೇ ಮೂವರು ಸೋದರಿಯರು ತೀರಿಕೊಂಡರು. ಮಂಗಳೂರಿನಲ್ಲಿ 1871ರ ನವೆಂಬರ್ 21ರಂದು ಅವಳು ವ್ರತ ಸ್ವೀಕರಿಸಿದಳು. ಆಮೇಲೆ ಅವಳ ಅಸಾಧಾರಣ ಅನುಭವಗಳ ಬಗ್ಗೆ ಅನುಮಾನಗಳೆದ್ದು, 1872ರಲ್ಲಿ ಅವಳನ್ನು ಪೋಗೆ ವಾಪಸ್ ಕಳಿಸಿದರು. 2015ರ ಮೇ 17ರಂದು ಅವಳನ್ನು ಸಂತಳೆಂದು ಸಾರಲಾಯಿತು.

ಚರಿತ್ರೆ ಬರೆದವರಿಗೆ ಅವಳ ಮೈಮೇಲೆ ಮೂಡುತ್ತಿದ್ದವೆನ್ನುವ ಪಂಚಗಾಯಗಳ ಮೇಲೆ ಬಹಳ ಆಸೆ. ನನಗೆ ಅದಕ್ಕಿಂತ ಅವಳ ದಿನಚರಿ ಮುಖ್ಯ ಅನ್ನಿಸ್ತದೆ. ಓದು ಬರಹ ಅಷ್ಟಕ್ಕಷ್ಟೆ. ಮಠದಲ್ಲಿ ಅವಳ ಪಾಲಿಗೆ ಬಂದದ್ದು ಅಡುಗೆ, ಒಗೆತ, ಮೈಮುರಿಯುವ ಕೆಲಸ. 1875ರಲ್ಲಿ ಬೆತ್ಲೆಹೇಮಿಗೆ ಹೋದಳು. ಅಲ್ಲಿ ಹೊಸ ಮಠದ ಕಟ್ಟಡ ನಡೆಯುತ್ತಿತ್ತು. 1878ರ ಆಗಸ್ಟ್‌ನ ಬಿಸಿಲಿನಲ್ಲಿ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ತೋಳು ಮುರಿಯಿತು, ಗ್ಯಾಂಗ್ರಿನ್ ಆಯಿತು, 26ರಂದು ತೀರಿಕೊಂಡಳು. ಆಗ 32 ವರ್ಷ. ಅವಳ ಕೊನೆಯಲ್ಲಿ ಪವಾಡ ಏನಿಲ್ಲ. ಬಾಯಾರಿದ ಗೌಂಡಿಗಳು ಇದ್ದಾರೆ, ನೀರಿನ ಕೊಡ ಇದೆ. ನಂದೇಶ್ವರದಲ್ಲಿ ನೀರು ಹೊತ್ತ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಪಂಥದ ಲಿಸಿಯೂವಿನ ಸಂತ ತೆರೇಸಾ ಇನ್ನೂ ಸಣ್ಣ ಸಂಗತಿಗಳನ್ನು ಬರೆದಿಟ್ಟಿದ್ದಾಳೆ. ಒಗೆಯುವ ಕಲ್ಲಿನ ಹತ್ತಿರ ಎದುರಿನ ಸೋದರಿ ಕೊಳೆ ನೀರನ್ನು ಮುಖಕ್ಕೆ ಸಿಡಿಸುತ್ತಿದ್ದದ್ದು, ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದೆ ಕೂತವಳೊಬ್ಬಳ ಕಿರಿಕಿರಿ ಸದ್ದು, ಇಂಥವು. ಓದುವಾಗ ನಗು ಬರುತ್ತದೆ. ಆದರೆ ಅದೇ ತೆರೇಸಾ 1897ರಲ್ಲಿ, 24ನೆಯ ವಯಸ್ಸಿನಲ್ಲಿ, ಕ್ಷಯದಿಂದ ಸಾಯುವಾಗ ಇನ್ನೊಂದು ಮಾತು ಹೇಳಿದ್ದು ದಾಖಲಾಗಿದೆ: ಇಷ್ಟು ನೋವಿರುವ ರೋಗಿಗಳ ಹತ್ತಿರ ವಿಷದ ಔಷಧಿ ಇಡಬೇಡಿ ಎಂಬ ಅರ್ಥದ ಎಚ್ಚರಿಕೆ. ದೊಡ್ಡ ನೋವು ಮನುಷ್ಯರ ವಿವೇಕವನ್ನೇ ತಿಂದುಹಾಕಬಹುದು ಎಂದು ಅವಳಿಗೆ ಗೊತ್ತಿತ್ತು.

ಈಗ ನಮ್ಮ ಕಡೆಯ ಮಾತು. ಸೊಲ್ಲಾಪುರ ಅಂದರೆ ಸಿದ್ಧರಾಮನ ಸೊನ್ನಲಿಗೆ. ಊರ ನಡುವಿನ ಕೆರೆ, ಗುಡಿ ಇವತ್ತಿಗೂ ಇವೆ, ಸಂಕ್ರಾಂತಿಗೆ ಗಡ್ಡಾ ಜಾತ್ರೆ ಸೇರುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆ ತೋಡಿಸುವ ಸಿದ್ಧರಾಮನನ್ನು 'ಒಡ್ಡ' ಎಂದು ಕೆಣಕುವ ಪ್ರಸಂಗ ನಿಮಗೆ ಗೊತ್ತು. (ದುಡಿಯುವ ಒಂದು ಸಮುದಾಯದ ಹೆಸರನ್ನು ಕೆಣಕುಮಾತಾಗಿ ಬಳಸಿದ್ದು ಇವತ್ತು ಕಿವಿಗೆ ಚುಚ್ಚುತ್ತದೆ, ಅದು ಬೇರೆ ಚರ್ಚೆ.) ಅಲ್ಲಮನ ಪ್ರಶ್ನೆ ಏನು? ಮೈ ಬೆವರಿಸಿದ ಮಾತ್ರಕ್ಕೆ, ಒಳಗಿನ ಅರಿವು ಇಲ್ಲದಿದ್ದರೆ, ಅದು ಅಗೆತವಲ್ಲದೆ ಮತ್ತೇನು? ಸಿಪ್ರಿಯನ್ 'ಬರೀ ನೀರು ಸಾಲದು' ಅಂದದ್ದಕ್ಕೂ ಇದಕ್ಕೂ ಒಂದು ನೆಂಟಸ್ತಿಕೆ ಇದೆ. ಶ್ರಮವಾಗಲಿ ನೋವಾಗಲಿ ತಾನೇ ತಾನಾಗಿ ಪುಣ್ಯ ಅಲ್ಲ.

ಎರಡನೆಯ ನೆಂಟಸ್ತಿಕೆ ಶಬ್ದದ್ದು. ನಮ್ಮ ಶರಣ ಪರಂಪರೆಯಲ್ಲಿ ಲಿಂಗಕ್ಕೆ ಅರ್ಪಿಸುವ ಮೊದಲು ಅದು ಪದಾರ್ಥ, ಅರ್ಪಿಸಿದ ಮೇಲೆ ಪ್ರಸಾದ. ರೊಟ್ಟಿ ಅದೇ, ಹೆಸರು ಬೇರೆ, ಸಂಬಂಧ ಬೇರೆ. ಕನ್ನಡ ಕಥೋಲಿಕರು ಬಲಿಪೂಜೆಯಲ್ಲಿ ಸ್ವೀಕರಿಸುವುದನ್ನು 'ಪರಮಪ್ರಸಾದ' ಅಂತಾರೆ. ಅಲ್ಲಿ ರೊಟ್ಟಿ ನಿಜವಾಗಿಯೇ ಕ್ರಿಸ್ತನ ಶರೀರವಾಗುತ್ತದೆ ಎಂಬುದು ಅವರ ನಂಬಿಕೆ, ಹಾಗಾಗಿ ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಆದರೆ ಅರ್ಪಿಸಿದ ವಸ್ತು ಮೊದಲಿನಂತೆ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಕನ್ನಡದ ಕಿವಿಗೆ ಹೊಸದಲ್ಲ. ಅವ್ವನಿಗೆ ಅಕ್ಕನವರ ಮಾತು ಅಷ್ಟು ಬೇಗ ಹಿಡಿಸಿದ್ದಕ್ಕೆ ಇದೂ ಕಾರಣ ಇರಬಹುದು.

ಬೇರೆಯಾಗುವುದು ಎಲ್ಲಿ ಅಂದರೆ, 'ಯಾರಿಗಾಗಿ' ಎಂಬಲ್ಲಿ. ನಮ್ಮಲ್ಲಿ ಗಾದೆಯೇ ಇದೆ, ಮಾಡಿದ್ದುಣ್ಣೋ ಮಹಾರಾಯ ಅಂತ. ನನ್ನ ನೋವು ನನ್ನ ಕರ್ಮದ್ದು, ಅದನ್ನು ನಾನೇ ಉಂಡು ತೀರಿಸಬೇಕು. ಕಥೋಲಿಕ ವಿಶ್ವಾಸ ಇಲ್ಲಿ ಬೇರೆ ಹಾದಿ ಹಿಡಿಯುತ್ತದೆ. ವಿಶ್ವಾಸಿಗಳೆಲ್ಲ ಒಂದೇ ಶರೀರದ ಅಂಗಗಳು. ಆದ್ದರಿಂದ ಸೊಲ್ಲಾಪುರದ ಒಂದು ಸೂಜಿ ಎಲ್ಲೋ ಇರುವ ತಮ್ಮನಿಗೆ ಸಲ್ಲಬಹುದು. ಆದರೆ ಇದು ಮನಿಯಾರ್ಡರ್ ಅಲ್ಲ, ರಶೀದಿ ಸಿಗೋದಿಲ್ಲ. ಮೊಮ್ಮಗಳು ಪರೀಕ್ಷೆಯಲ್ಲಿ ಫೇಲೂ ಆಗಬಹುದು. ಒಪ್ಪಿಸಿದವರ ಕೆಲಸ ಒಪ್ಪಿಸುವುದಕ್ಕೆ ಮುಗಿಯಿತು, ಅದನ್ನು ಹೇಗೆ ಬಳಸಬೇಕು ಎಂಬುದು ದೇವರಿಗೆ ಬಿಟ್ಟದ್ದು.

ಈಗ ಹಾದಿ ತಪ್ಪುವ ಜಾಗ. ಜಗದ್ಗುರು 16ನೆಯ ಬೆನೆಡಿಕ್ಟ್ 2007ರ ನವೆಂಬರ್ 30ರ ತಮ್ಮ ಪತ್ರದಲ್ಲಿ, ಭರವಸೆಯ ಕುರಿತು ಬರೆಯುತ್ತ, ದಿನದ ಸಣ್ಣಪುಟ್ಟ ಕಷ್ಟಗಳನ್ನು ಒಪ್ಪಿಸುವ ಈ ಹಳೆಯ ರೂಢಿಯಲ್ಲಿ ಅತಿರೇಕಗಳಿದ್ದವು, ಪ್ರಾಯಶಃ ಅನಾರೋಗ್ಯಕರ ಬಳಕೆಗಳೂ ಇದ್ದವು ಎಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡ ಮೇಲೆಯೇ, ಅದರೊಳಗೆ ನಮಗೆ ಬೇಕಾದ ಸಾರವೂ ಇತ್ತಲ್ಲವೇ ಎಂದು ಕೇಳುತ್ತಾರೆ. ಆ ಕ್ರಮ ನನಗೆ ಹಿಡಿಸಿತು.

ಅತಿರೇಕ ಯಾವುದು? ನನ್ನ ತಿಳಿವಳಿಕೆಯಲ್ಲಿ, 'ಒಪ್ಪಿಸು' ಎಂಬ ಕ್ರಿಯಾಪದ ಉತ್ತಮ ಪುರುಷದಲ್ಲಿ ಮಾತ್ರ ನೆಟ್ಟಗಿರುತ್ತದೆ. 'ನನ್ನ ನೋವನ್ನು ನಾನು ಒಪ್ಪಿಸುತ್ತೇನೆ' ಅನ್ನುವುದು ಪ್ರಾರ್ಥನೆ. 'ನಿನ್ನ ನೋವನ್ನು ನೀನು ಒಪ್ಪಿಸು' ಅಂತ ಗಂಡನಿಂದ ಹೊಡೆಸಿಕೊಂಡು ಬಂದ ಹೆಂಗಸಿಗೆ, ಕೂಲಿ ಸಿಗದ ಮನುಷ್ಯನಿಗೆ ಹೇಳಿದರೆ ಅದೇ ಮಾತು ಬೀಗ ಆಗ್ತದೆ. ಈ ವ್ಯತ್ಯಾಸವನ್ನು ಧರ್ಮಸಭೆಯ ದಾಖಲೆಗಳಲ್ಲೂ ಕಾಣಬಹುದು. 1957ರ ಫೆಬ್ರವರಿ 24ರಂದು 12ನೆಯ ಪಿಯುಸ್, ಅರಿವಳಿಕೆ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತ, ರೋಗಿಯು ನೋವು ಕಳೆಯುವ ಔಷಧಿ ತೆಗೆದುಕೊಳ್ಳಬಹುದು, ನೋವನ್ನು ತಡೆದುಕೊಳ್ಳಲೇಬೇಕು ಎಂಬ ಸಾಮಾನ್ಯ ಕಟ್ಟಳೆ ಇಲ್ಲ ಎಂದು ಸ್ಪಷ್ಟಪಡಿಸಿದರು. 2ನೆಯ ಜಾನ್ ಪಾಲ್ 1981ರಲ್ಲಿ ಗುಂಡೇಟು ತಿಂದವರು. ಯಾತನೆಯ ಅರ್ಥದ ಬಗ್ಗೆ ಅವರು 1984ರ ಫೆಬ್ರವರಿ 11ರಂದು ಬರೆದ ಪತ್ರ, ಕೊಲೊಸ್ಸೆಯರ ಆ ವಾಕ್ಯದಿಂದ ಶುರುವಾಗಿ ಕೊನೆಯ ಹೊತ್ತಿಗೆ ಒಳ್ಳೆಯ ಸಮಾರಿಯನ ಕಥೆಗೆ ಬರುತ್ತದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಸಮಾರಿಯನು 'ಇದನ್ನು ದೇವರಿಗೆ ಒಪ್ಪಿಸು' ಅನ್ನಲಿಲ್ಲ. ಗಾಯ ಕಟ್ಟಿದ, ಕತ್ತೆಯ ಮೇಲೆ ಕೂರಿಸಿದ, ಛತ್ರದವನಿಗೆ ದುಡ್ಡು ಕೊಟ್ಟ.

ನನ್ನ ಮಂಡನೆ ಇಷ್ಟು. ಪ್ರಶ್ನೆಗಳಿದ್ದರೆ ಕೇಳ್ರಿ.

ಪ್ರಶ್ನೆ (ಸಹಪಾಠಿಯೊಬ್ಬರು): ಸೊಲ್ಲಾಪುರದಲ್ಲಿ ಸಾವಿರಾರು ಹೆಂಗಸರು ಬೀಡಿ ಕಟ್ತಾರೆ. ಬೆನ್ನು, ಕಣ್ಣು, ಪುಪ್ಪುಸ ಎಲ್ಲ ಹೋಗ್ತಾವೆ. ಅವರಿಗೆ ಈ ತತ್ತ್ವ ಹೇಳಿದರೆ ಮಾಲಕರಿಗೆ ಅನುಕೂಲ ಅಲ್ಲೇನು?

ಉತ್ತರ: ಮಾಲಕರೇ ಹೇಳಿದರೆ ಖಂಡಿತ ಅನುಕೂಲ. ಅದಕ್ಕೇ ಉತ್ತಮ ಪುರುಷದ ಮಾತು ಹೇಳಿದೆ. ಕಾರ್ಮಿಕರ ನ್ಯಾಯದ ಕೂಲಿ, ಸಂಘ ಕಟ್ಟುವ ಹಕ್ಕಿನ ಬಗ್ಗೆ 13ನೆಯ ಲಿಯೋ 1891ರಲ್ಲೇ ಬರೆದಿದ್ದಾರೆ, ಅರ್ಪಣೆ ಆ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಇನ್ನೊಂದು, ಒಪ್ಪಿಸುವುದು ಅಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ. ಶಿಲುಬೆಯ ಮೇಲೆ ಕ್ರಿಸ್ತ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು, ಅದು ದೂರಿನ ಸಾಲು. ನಮ್ಮ ಚೋಖಾಮೇಳನನ್ನು ನೆನೆಸಿಕೊಳ್ರಿ. ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಸತ್ತ ಅಂತ ಪರಂಪರೆ ಹೇಳ್ತದೆ. ಅವನು ತನ್ನ ನೋವನ್ನು ವಿಠ್ಠಲನ ಮುಂದೆ ಇಟ್ಟ, ಜೊತೆಗೆ ಮೈಲಿಗೆಯ ಬಗ್ಗೆ ಜಗಳವನ್ನೂ ಆಡಿದ.

ಪ್ರಶ್ನೆ (ಪ್ರಾಧ್ಯಾಪಕರೊಬ್ಬರು): ಹರಕೆಗೂ ಇದಕ್ಕೂ ವ್ಯತ್ಯಾಸ ಏನು?

ಉತ್ತರ: ಹರಕೆಯಲ್ಲಿ ಕರಾರು ಇರ್ತದೆ ಸರ್. ಮಗ ಪಾಸಾದರೆ ಕಾಯಿ ಒಡೆಸ್ತೇನೆ ಅಂತೀವಿ, ಆಗದಿದ್ದರೆ ಕಾಯಿ ನಮ್ಮ ಮನೆಯಲ್ಲೇ ಉಳೀತದೆ. ಇಲ್ಲಿ ಕಾಯಿ ಮೊದಲೇ ಒಡೆದಾಗಿದೆ. ಆದರೆ ಒಂದು ಮಾತು ಒಪ್ಪಿಕೊಳ್ತೇನೆ, ಬಳಕೆಯಲ್ಲಿ ಜನ ಎರಡನ್ನೂ ಬೆರೆಸ್ತಾರೆ. ಅಕ್ಕನವರೂ ಒಂದು ದಿನ 'ಇಷ್ಟು ಸೂಜಿ ಕೊಟ್ಟೆ, ತಮ್ಮ ಒಂದು ಫೋನಾದರೂ ಮಾಡಬಾರದಾ' ಅಂತ ದೇವರ ಮೇಲೆ ಸಿಟ್ಟಾಗಿದ್ದರು.

ಪ್ರಶ್ನೆ (ಚಾಟ್‌ನಲ್ಲಿ): ನಿಮ್ಮ ತಾಯಿಯವರ ಪ್ರಶ್ನೆಗೆ ಕೊನೆಗೆ ಏನು ಹೇಳಿದಿರಿ?

ಉತ್ತರ: ಈಗ ಹೇಳಿದ್ದನ್ನೆಲ್ಲ ಸಣ್ಣದು ಮಾಡಿ ಹೇಳಿದೆ. ಸಿಪ್ರಿಯನ್‌ನ ನೀರಿನ ಮಾತು ಕೇಳಿ ತಲೆ ಅಲ್ಲಾಡಿಸಿದಳು. ಆಮೇಲೆ, "ಅಕ್ಕಾರು ಎರಡು ವಾರದಿಂದ ಬಂದಿಲ್ಲ, ಅವರ ಮನಿ ಎಲ್ಲ್ಯದ ಅಂತ ಕೇಳು" ಅಂದಳು. ಹೋಗಿ ಬಂದ್ವಿ. ಕಾಲಿಗೆ ಬಾವು ಬಂದು ಮಲಗಿದ್ದರು. ಈಗ ಸ್ವಲ್ಪ ಗುಣ ಅದ. ಮಂಗಳವಾರ ಅವ್ವನ ಮೊದಲ ಸೂಜಿ ಅವರ ಹೆಸರಿಗೆ ಹೋಯ್ತು. ಯಾವ ದೇವರಿಗೆ ಒಪ್ಪಿಸಿದಳು ಅಂತ ನಾನು ಕೇಳಲಿಲ್ಲ.